ಹರಾಜಿನ ಕೂಗಿಗೆ ಓಗೊಡುವವರು ಯಾರು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ರೈತ ಬಂಧುಗಳೇ,

ಅಮೆರಿಕದ ಜನ ಬ್ರಿಟಿಷರ ತೆರಿಗೆಯನ್ನು ಹೇಗೆ ಎದುರಿಸಿದರು ಎಂದು ಕೇಳಿದರೆ, ಶಾಲೆಗೆ ಹೋಗುವ ಮಕ್ಕಳೂ 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆ ಸಮುದ್ರಕ್ಕೆಸೆದ ಕಥೆ ಹೇಳುತ್ತಾರೆ. ಅದು ಒಂದು ರಾತ್ರಿಯ ಕೆಲಸ. ಅದಕ್ಕೂ ಮೊದಲು, 1765ರಲ್ಲಿ, ತಮ್ಮ ಪ್ರತಿನಿಧಿ ಒಬ್ಬನೂ ಇಲ್ಲದ ಲಂಡನ್ ಪಾರ್ಲಿಮೆಂಟು ಕಾಗದಪತ್ರ, ಪತ್ರಿಕೆಗಳ ಮೇಲೆಲ್ಲ ಸ್ಟಾಂಪು ತೆರಿಗೆ ಹೇರಿದಾಗ ಅವರು ಮಾಡಿದ ಕೆಲಸ ದೊಡ್ಡದು. ಸ್ಟಾಂಪು ಹಂಚುವವರು ಜನರಿಗೆ ಹೆದರಿ ರಾಜೀನಾಮೆ ಕೊಟ್ಟರು. ವ್ಯಾಪಾರಿಗಳು ಇಂಗ್ಲೆಂಡಿನ ಸರಕು ತರಿಸುವುದನ್ನೇ ನಿಲ್ಲಿಸಿದರು. ನಷ್ಟ ತಾಳಲಾರದೆ ಇಂಗ್ಲೆಂಡಿನ ವರ್ತಕರೇ ಪಾರ್ಲಿಮೆಂಟಿನ ಮುಂದೆ ಗೋಳಿಟ್ಟರು. 1766ರಲ್ಲಿ ಕಾಯಿದೆ ರದ್ದಾಯಿತು.

ಅಷ್ಟು ದೂರ ಯಾಕೆ, ನಮ್ಮ ಉತ್ತರ ಕನ್ನಡವನ್ನೇ ನೋಡಿ. ನಮ್ಮ ಹಾಸನ ಸೀಮೆ ಮೈಸೂರು ಅರಸರ ಕೈಲಿದ್ದಾಗ ಆ ಜಿಲ್ಲೆ ನೇರ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. 1929ರ ನಂತರ ಪ್ರಪಂಚದಲ್ಲೆಲ್ಲ ಫಸಲಿನ ಬೆಲೆ ಕುಸಿಯಿತು. ಕಂದಾಯ ಮಾತ್ರ ಜಗ್ಗಲಿಲ್ಲ. ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆಗೆ ನಿಂತರು. ಸರ್ಕಾರ ಗಂಡಸರನ್ನು ಜೈಲಿಗೆ ಹಾಕಿತು, ಮನೆ ಸಾಮಾನು, ಜಮೀನು ಜಪ್ತಿ ಮಾಡಿ ಹರಾಜಿಗಿಟ್ಟಿತು.

ಇಲ್ಲೇ ಇರುವುದು ಗುಟ್ಟು. ಜಪ್ತಿಯಿಂದಷ್ಟೇ ಖಜಾನೆ ತುಂಬುವುದಿಲ್ಲ, ಕೊಳ್ಳುವವನೊಬ್ಬ ಬೇಕು. ಆ ಕೊಳ್ಳುವವನು ಲಂಡನ್ನಿನಿಂದ ಬರುವುದಿಲ್ಲ, ಪಕ್ಕದ ಊರಿನಿಂದಲೇ ಬರುತ್ತಾನೆ. ಇದನ್ನು ಸರಿಯಾಗಿ ಅರಿತವರು ಸಿದ್ದಾಪುರದ ಹೆಣ್ಣುಮಕ್ಕಳು. 1932ರಲ್ಲಿ ಮಾವಿನಗುಂಡಿಯಲ್ಲಿ, ಜಪ್ತಿಯ ಮಾಲು ಕೊಂಡವರ ಮನೆ ಮುಂದೆ ಉಪವಾಸ ಕೂತರು. ಬೈಗುಳವಿಲ್ಲ, ಹೊಡೆದಾಟವಿಲ್ಲ. ನೆರೆಯವನ ಕಣ್ಣೀರು ಕೊಂಡುಕೊಂಡೆಯಲ್ಲಪ್ಪಾ ಎಂದು ಕೇಳಿದ ಹಾಗೆ ಅದು.

ಹೋರಾಟ ಪುಕ್ಕಟೆಯಾಗಿರಲಿಲ್ಲ. ಕಳೆದುಕೊಂಡ ಭೂಮಿಗಾಗಿ ಆ ಮನೆಗಳು ವರ್ಷಗಟ್ಟಲೆ ಕಾದವು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲಷ್ಟೇ ಜಮೀನು ಹಿಂದಿರುಗಿಸುವ ಕಾಯಿದೆಯಾಯಿತು.

ಇವತ್ತು ನಮ್ಮನ್ನು ಹಿಂಡುತ್ತಿರುವುದು ಕಂದಾಯವಲ್ಲ, ಸಾಲದ ಕಂತು. ಆಲೂಗಡ್ಡೆ, ಹೊಗೆಸೊಪ್ಪು, ತೆಂಗಿನಕಾಯಿಯ ಬೆಲೆ ಬಿದ್ದ ವರ್ಷ ಕಂತೇನೂ ಬೀಳುವುದಿಲ್ಲವಲ್ಲ! ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಮನೆ ಬಾಗಿಲಿಗೆ ವಸೂಲಿಯವನು ಬಂದ ಹೊತ್ತಿಗೆ ಕಾಗದದ ಕಾನೂನಿಗಿಂತ ಮೊದಲು ಬರಬೇಕಾದವರು ನೆರೆಯವರು.

ಸಾಲ ತೀರಿಸಬೇಡಿ ಎಂದು ನಾವು ಹೇಳುತ್ತಿಲ್ಲ. ತೀರಿಸಲಾಗದೆ ಬಿದ್ದವನ ಪಂಪ್‌ಸೆಟ್ಟು, ಟ್ರ್ಯಾಕ್ಟರು, ಎರಡೆಕರೆ ಹೊಲ ಹರಾಜಿಗೆ ಬಂದ ದಿನ ಅಗ್ಗಕ್ಕೆ ಸಿಕ್ಕಿತೆಂದು ನಾವೇ ಬೆಲೆ ಕೂಗಿದರೆ, ಮುಂದಿನ ವರ್ಷ ನಮ್ಮ ಸರದಿಗೆ ಬೆಲೆ ಕೂಗುವವರೂ ನಮ್ಮವರೇ ಆಗಿರುತ್ತಾರೆ. ನಿಮ್ಮೂರ ಅರಳಿಕಟ್ಟೆಯ ಮೇಲೆ ಕೂತು ಇದೊಂದನ್ನು ತೀರ್ಮಾನ ಮಾಡಿ: ನಮ್ಮೂರಲ್ಲಿ ಹರಾಜು ಕೂಗಿದರೆ ಒಬ್ಬನೂ ಬಾಯಿ ಬಿಡುವುದಿಲ್ಲ. ಏನಂತೀರಿ?