ಇರುಳ ಹಂದಿಬೇಟೆಯ ಸಮರ್ಥಕರಿಗೆ

ಮಾಗಡಿ ಸೀಮೆಯಲ್ಲಿ ಕಡಲೆಕಾಯಿ ಬಲಿಯುವ ಹೊತ್ತಿನಲ್ಲಿ ಒಂದು ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಮಾಡುವ ನಾಶವನ್ನು ಕಣ್ಣಾರೆ ಕಾಣದವರು, ಈ ವಿಷಯದಲ್ಲಿ ಹಂದಿಯ ಪಕ್ಷ ವಹಿಸಿ ಮಾತನಾಡತಕ್ಕದ್ದಲ್ಲ. ಸಾಲಮಾಡಿ ಬಿತ್ತಿದ ಒಕ್ಕಲಿಗನು ಬೆಳಗಾಗ ಬಂದು ನೋಡುವಲ್ಲಿ ಹೊಲವು ನೇಗಿಲಿಲ್ಲದೆ ಉತ್ತಂತೆ ಬಿದ್ದಿರುತ್ತದೆ. ಪ್ರಳಯಜಲದಿಂದ ಭೂಮಿಯನ್ನು ಎತ್ತಿದ ವರಾಹಮೂರ್ತಿಯ ಕಥೆಯನ್ನು ಅವನ ಮುಂದೆ ಹೇಳಹೋದರೆ, ಆ ಮೂರ್ತಿಯ ಸಂತತಿ ಇನ್ನೂ ಭೂಮಿಯನ್ನು ಎತ್ತುತ್ತಲೇ ಇದೆ ಎಂದಾನು; ಅದಕ್ಕೆ ಪ್ರತ್ಯುತ್ತರವಿಲ್ಲ.

ಆದುದರಿಂದ ಬೆಳೆಯನ್ನು ಕಾಯಬೇಕೆ ಎಂಬಲ್ಲಿ ವಿವಾದವಿಲ್ಲ. ಹಂದಿಯ ಮಾಂಸವನ್ನು ತಿನ್ನಬಹುದೆ ಎಂಬಲ್ಲಿಯೂ ಇಲ್ಲಿ ವಿವಾದವಿಲ್ಲ. ಈ ಎರಡನೆಯ ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ಏಕೆಂದರೆ ಹಂದಿಬೇಟೆಯನ್ನು ಆಕ್ಷೇಪಿಸಿದವರನ್ನೆಲ್ಲ ಪುಳಿಚಾರಿನ ಮಂದಿಯೆಂದು ತಳ್ಳಿಹಾಕುವುದು ಸಮರ್ಥಕರ ರೂಢಿ. ಸಂಸ್ಕೃತ ಬಲ್ಲವರೆಲ್ಲ ಹಂದಿಯ ಹೆಸರೆತ್ತಿದರೆ ಮೂಗು ಮುಚ್ಚುವರೆಂಬುದು ಭ್ರಾಂತಿ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿಯೇ ಬರೆದ ಮಾನಸೋಲ್ಲಾಸದಲ್ಲಿ, ಹಂದಿಯ ಮೈಗೆ ಬಿಳಿಯ ಬಟ್ಟೆ ಹೊದಿಸಿ ಕುದಿನೀರು ಸುರಿದು ಕೂದಲು ತೆಗೆಯುವ ಕ್ರಮವೂ, ಮಣ್ಣು ಮೆತ್ತಿ ಹುಲ್ಲಿನ ಉರಿಯಲ್ಲಿ ಸುಡುವ ಕ್ರಮವೂ, ಬಳಿಕ ಖಂಡಮಾಡಿ ಬೇಯಿಸುವ ಕ್ರಮವೂ ಸಾವಕಾಶವಾಗಿ ವರ್ಣಿತವಾಗಿವೆ. ವರಾಹಲಾಂಛನದ ವಂಶದ ದೊರೆಯೇ ಇದನ್ನು ಬರೆದನೆಂಬುದು ವಿನೋದ. ಇಂದಿಗೂ ಹಳ್ಳಿಗಳಲ್ಲಿ ಹುಲ್ಲುರಿಯಲ್ಲಿ ಕೂದಲು ಸುಟ್ಟು ಕತ್ತಿಯಿಂದ ಹೆರೆದು ಅರಿಸಿನ ಬಳಿಯುವವರು ತಮಗರಿಯದೆಯೇ ಆ ದೊರೆಯ ಶಿಷ್ಯರು. ಉಣ್ಣುವವನ ಎಲೆಯನ್ನು ಇಣುಕಿನೋಡುವುದು ಸಭ್ಯರ ಲಕ್ಷಣವಲ್ಲ.

ವಿವಾದವಿರುವುದು ಬೆಳೆಯ ಹೆಸರಿನಲ್ಲಿ ಹಂಡೆ ತುಂಬಿಸಿಕೊಳ್ಳುವ ಕಪಟದ ವಿಷಯದಲ್ಲಿ. ಆ ಕಪಟಕ್ಕೆ ಇರುಳೇ ಬೇಕಾಗಿರುವ ವಿಷಯದಲ್ಲಿ.

ಪೂರ್ವಿಕರು ಬೇಟೆಯಾಡುತ್ತಿದ್ದರು, ಇದು ಕುಲಾಚಾರ, ಎಂಬುದು ಸಮರ್ಥಕರ ಮುಖ್ಯವಾದ. ಆಡುತ್ತಿದ್ದರೆಂಬುದರಲ್ಲಿ ಸಂದೇಹವೇನು? ಹೇಗೆ ಆಡುತ್ತಿದ್ದರೆಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲೇ ಸಾಕ್ಷಿ. ಶಕ ೮೭೨ರ, ಎಂದರೆ ಕ್ರಿ. ಶ. ೯೪೯-೫೦ರ, ಆ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಸಂಗತಿ ಇದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನಾದ ಗಂಗ ಬೂತುಗನು ಮೆಚ್ಚಿದುದನ್ನು ಬೇಡೆಂದಾಗ, ಅವನು ಬೇಡಿದುದು ಕಾಳಿ ಎಂಬ ಒಂದು ನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಹೋರಾಡಿ ಎರಡೂ ಮಡಿದವು. ಊರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಬೆಂಗಳೂರಿನ ವಸ್ತುಸಂಗ್ರಹಾಲಯ ಸೇರಿದ ಆ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೆಣಗುವ ಚಿತ್ರವಿದೆ.

ಬೇಟೆಗಾರನ ಹೆಸರು, ನಾಯಿಯ ಹೆಸರು, ಬೆಟ್ಟದ ಹೆಸರು, ಎಲ್ಲವೂ ಅಲ್ಲಿ ಬಹಿರಂಗ. ಸತ್ತ ಹಂದಿಗೂ ಕಲ್ಲಿನಲ್ಲಿ ಸರಿಪಾಲು ಗೌರವ. ಈಗಿನ ಬೇಟೆಗಾರನು ಹಣೆಗೆ ಬ್ಯಾಟರಿ ಕಟ್ಟಿಕೊಂಡು ಹೊರಡುವನು, ಇಲ್ಲವೆ ಮೋಟಾರು ಸೈಕಲ್ಲಿನ ಕ್ಲಚ್ಚಿನ ತಂತಿಯಿಂದ ಉರುಲು ಒಡ್ಡಿ ಮನೆಯಲ್ಲಿ ಮಲಗುವನು. ಬೆಳಗಾದರೆ ತನ್ನ ಹೆಸರನ್ನೇ ಅಲ್ಲಗಳೆಯುವನು. ಕ್ಲಚ್ಚಿನ ತಂತಿಗೆ ವೀರಗಲ್ಲುಂಟೆ? ಮನುವು ಮೃಗಯೆಯನ್ನು ವ್ಯಸನಗಳಲ್ಲಿ ಎಣಿಸಿದನು. ಕೌಟಿಲ್ಯನು ಅದರಲ್ಲಿ ವ್ಯಾಯಾಮವೂ ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸವೂ ಉಂಟೆಂದು ಕೊಂಚ ದಾಕ್ಷಿಣ್ಯ ತೋರಿದನು. ಉರುಲಿನಲ್ಲಿ ವ್ಯಾಯಾಮವೂ ಇಲ್ಲ, ಗುರಿಯೂ ಇಲ್ಲ. ಹೀಗಾಗಿ ಕೌಟಿಲ್ಯನ ಸಾಕ್ಷ್ಯವೂ ಈ ಪಕ್ಷಕ್ಕೆ ದೊರೆಯದು.

ಇನ್ನು ಬೆಳೆಯ ಮಾತು. ೧೯೭೨ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ೯ನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆಂಬುದನ್ನು ಎಲ್ಲರೂ ಬಲ್ಲರು. ಅದೇ ಕಾಯಿದೆಯ ೧೧ನೆಯ ಕಲಮನ್ನು ಓದಿದವರು ಕಡಮೆ. ಹಂದಿಯಂಥ ಮೃಗವು ಮನುಷ್ಯರ ಪ್ರಾಣಕ್ಕಾಗಲಿ, ನಿಂತ ಬೆಳೆಗಾಗಲಿ ಅಪಾಯಕರವಾದಲ್ಲಿ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕೃತರಾದವರು ಲಿಖಿತವಾದ ಆಜ್ಞೆಯಿಂದ ಅದನ್ನು ಕೊಲ್ಲಿಸಬಹುದು. ಬಿಹಾರದ ಕೆಲವು ಜಿಲ್ಲೆಗಳಲ್ಲಿ ೨೦೧೫ರ ಡಿಸೆಂಬರಿನಲ್ಲಿಯೂ ಉತ್ತರಾಖಂಡದಲ್ಲಿ ೨೦೧೬ರ ಫೆಬ್ರವರಿಯಲ್ಲಿಯೂ ಕೇಂದ್ರ ಸರ್ಕಾರವು ಒಂದು ವರ್ಷದ ಮಟ್ಟಿಗೆ ಕಾಡುಹಂದಿಯನ್ನು ಉಪದ್ರವಕಾರಿ ಮೃಗವೆಂದೇ ಸಾರಿತು. ಕೇರಳದಲ್ಲಿ ೨೦೨೨ರ ಮೇ ತಿಂಗಳಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರವರೆಗೆ ಇಳಿಸಲು ತೀರ್ಮಾನವಾಯಿತು. ಅಂದಮೇಲೆ ಹಗಲಿನಲ್ಲಿ ನಡೆದುಹೋಗುವ ಬಾಗಿಲೊಂದು ಇದ್ದೇ ಇದೆ. ಆದರೆ ೧೧ನೆಯ ಕಲಮಿನಂತೆ ಕೊಂದ ಹಂದಿಯು ೩೯ನೆಯ ಕಲಮಿನಂತೆ ಸರ್ಕಾರದ ಸೊತ್ತು. ಆ ಬಾಗಿಲಿನಿಂದ ಹಂಡೆಗೆ ದಾರಿಯಿಲ್ಲ. ಬೆಳೆಗಾಗಿಯೇ ಬೇಟೆ ಎನ್ನುವ ಮಹಾಶಯರು ಆ ಬಾಗಿಲನ್ನು ತಟ್ಟದೆ ಹಿತ್ತಿಲಿನಿಂದ ಹೋಗುವುದಕ್ಕೆ ಕಾರಣವನ್ನು ಬೇರೆ ಹುಡುಕಬೇಕಾಗಿಲ್ಲ. ಬೆಳೆ ಕಳೆದುಕೊಂಡವನು ಒಬ್ಬ, ಗುಡ್ಡೆ ಹಾಕಿ ಪಾಲು ಹಂಚಿಕೊಳ್ಳುವವರು ಬೇರೆಯವರು, ಎಂಬುದೂ ಅನೇಕ ಊರುಗಳ ಅನುಭವ. ಹೆಣ್ಣುಹಂದಿಯು ನಾಲ್ಕು ತಿಂಗಳು ಬಸಿರಿದ್ದು ಒಂದೇ ಸಲಕ್ಕೆ ನಾಲ್ಕಾರು ಮರಿ ಹಾಕುವುದು. ಅಲ್ಲೊಂದು ಇಲ್ಲೊಂದು ಇರುಳು ಒಂದೊಂದನ್ನು ಹೊಡೆದು ತಿಂದರೆ ಯಾವ ರೈತನ ಹೊಲವೂ ಉಳಿಯದು.

ಇರುಳೆಂಬುದು ಕಪಟಕ್ಕೆ ಮರೆ ಮಾತ್ರವಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಕತ್ತಲೆಯಲ್ಲಿ ಸದ್ದಿಗೆ ಗುರಿಯಿಟ್ಟ ದಶರಥನು ಕೊಂದದ್ದು ಆನೆಯನ್ನಲ್ಲ, ಕುರುಡ ತಂದೆತಾಯಿಗಳಿಗೆ ನೀರು ತುಂಬುತ್ತಿದ್ದ ಮಗನನ್ನು. ಅದರ ಫಲವನ್ನು ಅಯೋಧ್ಯೆಯೇ ಉಂಡಿತು. ಪೊದೆ ಅಲುಗಿತೆಂದು ಹಾರಿಸಿದ ಕೋವಿಗೆ ಜೊತೆಯ ಬೇಟೆಗಾರನೇ ಬಲಿಯಾದ ವಾರ್ತೆಗಳು ಕೊಡಗು ಮಲೆನಾಡುಗಳಿಂದ ಮತ್ತೆ ಮತ್ತೆ ಬರುತ್ತಿವೆ. ಹೊಲದಂಚಿಗೆ ಹಾಯಿಸಿದ ವಿದ್ಯುತ್ತಿನ ತಂತಿಯು, ನೀರು ಕಟ್ಟಲು ಬಂದ ರೈತನಾರು ಹಂದಿ ಯಾವುದು ಎಂಬ ಭೇದವನ್ನು ಅರಿಯದು. ೨೦೨೦ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ, ಹಂದಿಗೆಂದು ಒಡ್ಡುವಂಥ ಸಿಡಿಮದ್ದಿನ ತುತ್ತನ್ನು ಕಚ್ಚಿ ಬಾಯಿ ಸೀಳಿದ ಗರ್ಭಿಣಿ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ಹಂದಿಯ ಉರುಲಿಗೆ ಚಿರತೆಗಳು ಸೊಂಟ ಸಿಕ್ಕಿಸಿಕೊಂಡು ನರಳಿ ಸಾಯುವುದು ಈ ರಾಜ್ಯದಲ್ಲಿ ಅಪೂರ್ವವಲ್ಲ. ಮಾಗಡಿ ತಾಲ್ಲೂಕಿನಲ್ಲಿಯೇ ಅದೇ ೨೦೨೦ರ ಮೇ ತಿಂಗಳಲ್ಲಿ ಒಂದು ಮಗುವೂ ಒಬ್ಬ ವೃದ್ಧೆಯೂ ಚಿರತೆಗೆ ತುತ್ತಾದರು. ಚಿರತೆಯು ಮನೆಯಂಗಳಕ್ಕೆ ಬರಲು ಕಾರಣಗಳು ಹಲವಿರಬಹುದು. ಆದರೂ, ಗುಡ್ಡದಲ್ಲಿ ಚಿರತೆಗೆ ಆಹಾರವಾಗುವ ಹಂದಿಮರಿಗಳನ್ನು ಹಂಡೆಗೆ ಹಾಕಿ, ಚಿರತೆ ನಾಯಿಯನ್ನು ಹುಡುಕಿಕೊಂಡು ಊರಿಗೆ ಬಂದಿತೆಂದು ಕೂಗುವುದರಲ್ಲಿ ನ್ಯಾಯವೆಷ್ಟು?

ಆ ಹಂಡೆಯ ವಿಷಯವನ್ನೂ ಕೊಂಚ ನೋಡಬೇಕು. ಕದ್ದ ಮಾಂಸಕ್ಕೆ ಸಾವಕಾಶವಿಲ್ಲ. ಬೆಳಕು ಹರಿಯುವುದರೊಳಗೆ ಕೂದಲು ಸುಡಬೇಕು, ಕೊಯ್ಯಬೇಕು, ಹಂಚಬೇಕು, ಕುರುಹು ಅಳಿಸಬೇಕು, ಬೆಂದಷ್ಟೇ ಬೆಂದಿತು. ಅರೆಬೆಂದ ಕಾಡುಹಂದಿಯ ಮಾಂಸದಲ್ಲಿ ಮನುಷ್ಯನ ಮಾಂಸಖಂಡವನ್ನು ಹೊಕ್ಕು ಕೂಡುವ ಹುಳುಗಳ ಮರಿಗಳಿರಬಹುದು. ಉತ್ತರಾಖಂಡದ ಗುಡ್ಡಗಾಡಿನಲ್ಲಿ ಅಂಥ ಮಾಂಸದೂಟದಿಂದ ಜನ ಗುಂಪಾಗಿ ಕಾಯಿಲೆ ಬಿದ್ದುದನ್ನು ವೈದ್ಯರು ಬರೆದಿಟ್ಟಿದ್ದಾರೆ. ಸೋಮೇಶ್ವರನ ಅಡಿಗೆಯವರಿಗೆ ಪೋಲೀಸರ ಭಯವಿರಲಿಲ್ಲ. ಮುದ್ದೆಗೆ ಹಂದಿಯ ಸಾರೇ ಆಗಬೇಕೆನ್ನುವವರಿಗೆ ಸಾಕುಹಂದಿಯುಂಟು. ಹಂದಿಕರಿಗೆ ಹೆಸರಾದ ಕೊಡಗಿನಲ್ಲಿಯೇ ಈಗ ಅದನ್ನು ಸಾಕುಹಂದಿಯಿಂದ ಮಾಡುತ್ತಾರೆ, ರುಚಿ ಕೆಟ್ಟಿತೆಂದು ಯಾರೂ ಮನೆ ಬಿಟ್ಟುಹೋಗಿಲ್ಲ.

ಹಾಗಾದರೆ ರೈತನು ಮಾಡಬೇಕಾದುದೇನು ಎಂದರೆ, ಉತ್ತರವನ್ನು ಕಲ್ಯದಲ್ಲಿಯೇ ಹುಡುಕಬಹುದು. ೧೩೬೮ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಕಲಹ ಹುಟ್ಟಿದಾಗ, ಬುಕ್ಕರಾಯನಲ್ಲಿಗೆ ದೂರು ಒಯ್ದ ಜೈನರಲ್ಲಿ ಕಲ್ಲೆಹದವರೂ, ಎಂದರೆ ಈ ಕಲ್ಯದವರೂ, ಇದ್ದರು. ರಾಯನು ಒಬ್ಬರ ಕೈಯನ್ನು ಮತ್ತೊಬ್ಬರ ಕೈಯಲ್ಲಿಟ್ಟನೆಂದು ಹೇಳುವ ಶಾಸನವು ಶ್ರವಣಬೆಳಗೊಳದಲ್ಲಿಯೂ ಕಲ್ಯದಲ್ಲಿಯೂ ಉಂಟು. ಕೈ ಹಿಡಿಸಿದ ಪ್ರಸಂಗವನ್ನು ಎಲ್ಲರೂ ಹೊಗಳುವರು. ಅದರ ಮುಂದಿನ ಏರ್ಪಾಡನ್ನು ನೆನೆಯುವವರಿಲ್ಲ. ವರ್ಷಕ್ಕೆ ಮನೆಯೊಂದಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಯಬೇಕೆಂದು ಅಲ್ಲಿ ಗೊತ್ತುಮಾಡಿದರು. ಒಬ್ಬೊಬ್ಬನೇ ತನ್ನ ಹೊಲದಲ್ಲಿ ಉರುಲು ಒಡ್ಡುವ ಬದಲು, ಊರೊಟ್ಟಿಗೆ ಮನೆಗಿಷ್ಟೆಂದು ಎತ್ತಿ, ಕಾಯಿ ಬಲಿಯುವ ಎರಡು ತಿಂಗಳು ಅಟ್ಟಣೆ, ತಮಟೆ, ಕವಣೆಗಳೊಡನೆ ಸಂಬಳದ ಕಾವಲನ್ನಿಟ್ಟರೆ ಅದು ಹೊಸ ಪದ್ಧತಿಯೇನೂ ಆಗದು. ಕಾವಲಿಗೂ ಬಗ್ಗದ ಹಿಂಡಿದ್ದರೆ ೧೧ನೆಯ ಕಲಮಿನ ಅರ್ಜಿ. ಆದ ನಷ್ಟಕ್ಕೆ ಅರಣ್ಯ ಇಲಾಖೆಯ ಪರಿಹಾರದ ಅರ್ಜಿ. ಪರಿಹಾರವು ತಡವಾಗಿ ಬರುವುದು, ಬಂದರೂ ಬಿತ್ತನೆಯ ಖರ್ಚಿಗೆ ಸಾಲದು ಎಂಬ ದೂರು ನ್ಯಾಯವಾದದ್ದೇ. ಆ ದೂರನ್ನು ಕೋವಿಯವನು ಹೇಳಿದರೆ ಅಧಿಕಾರಿಗಳು ಕೇಳರು, ಊರೇ ಹೇಳಿದರೆ ಕೇಳದೆ ತೀರದು.

ಆ ಅರ್ಜಿಯನ್ನು ಬರೆಯಬಲ್ಲವರು ವಿದ್ಯಾವಂತರ ಮನೆಗಳಲ್ಲಿದ್ದಾರೆ. ಇರುಳ ಬೇಟೆಯ ಮಾಂಸಕ್ಕೆ ಒಳ್ಳೆಯ ಬೆಲೆ ಕೊಡುವವರೂ, ಹಬ್ಬಕ್ಕೆ ಊರಿಗೆ ಬಂದಾಗ ಕಾಡಿನದೇ ಬೇಕೆಂದು ಗುಟ್ಟಾಗಿ ಹೇಳಿಕಳುಹಿಸುವವರೂ ಅನೇಕ ಸಂದರ್ಭಗಳಲ್ಲಿ ಅದೇ ಮನೆಗಳವರು. ಕೋವಿ ಹಿಡಿದ ಬಡವನು ಸಿಕ್ಕಿಬಿದ್ದು ಮೂರು ವರ್ಷದವರೆಗಿನ ಸೆರೆಯನ್ನೋ ಲಕ್ಷ ರೂಪಾಯಿವರೆಗಿನ ದಂಡವನ್ನೋ ಎದುರಿಸುವಾಗ, ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಹೋದವರ ಹೆಸರು ಯಾವ ದಾಖಲೆಯಲ್ಲಿಯೂ ಬರುವುದಿಲ್ಲ.