‘ಐ5 ಇದೆ ಸಾರ್’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ

ಮೊದಲ ಸಲ ಕಂಪ್ಯೂಟರ್ ಕೊಳ್ಳುವವರಿಗೆ ನಮ್ಮ ಊರುಗಳಲ್ಲಿ ಆಗುತ್ತಿರುವ ಮೋಸದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮೋಸ ಅನ್ನೋದು ದೊಡ್ಡ ಮಾತಾಯ್ತು ಅಂತ ನಿಮಗನ್ನಿಸಬಹುದು. ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

ಭದ್ರಾವತಿಯ ಪರಿಚಯದವರೊಬ್ಬರು ಶಿವಮೊಗ್ಗದ ಒಂದು ಅಂಗಡಿಯಲ್ಲಿ (ಹೆಸರು ಬೇಡ, ಇಂಥವು ಎಲ್ಲ ಊರಲ್ಲೂ ಇವೆ) ಬರೆಸಿಕೊಂಡ ಕೊಟೇಷನ್ ಚೀಟಿಯನ್ನು ನನಗೆ ತೋರಿಸಿದರು. ಮಗಳು ಬಿಕಾಂ ಓದುತ್ತಿದ್ದಾಳೆ, ಟ್ಯಾಲಿ ಕಲಿಯಬೇಕು, ಅದಕ್ಕೆ ಮನೆಗೊಂದು ಕಂಪ್ಯೂಟರ್. ಚೀಟಿಯಲ್ಲಿ ಇದ್ದದ್ದು ಇಷ್ಟೆ:

ಐ5 ಪ್ರೊಸೆಸರ್
ಎಚ್61 ಬೋರ್ಡ್ (ನ್ಯೂ)
8 ಜಿಬಿ ರ‍್ಯಾಮ್
256 ಎಸ್‌ಎಸ್‌ಡಿ
ಗೇಮಿಂಗ್ ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್
ವಿಂಡೋಸ್, ಆಫೀಸ್ ಫ್ರೀ

ಮಾನಿಟರ್ ಸೇರಿ 22,500 ರೂಪಾಯಿ. "ಐ5 ಕೊಡ್ತಿದಾರೆ, ಒಳ್ಳೇದೇ ಅಲ್ವೇನ್ರೀ?" ಅಂತ ಕೇಳಿದರು.

ಐ5 ಅನ್ನುವುದು ಪ್ರೊಸೆಸರಿನ ಹೆಸರಲ್ಲ ಸ್ವಾಮಿ, ಮನೆತನದ ಹೆಸರು! ಇಂಟೆಲ್‌ನವರು 2009ರಲ್ಲಿ ಶುರು ಮಾಡಿದ ಆ ಮನೆತನದಲ್ಲಿ ಅಜ್ಜನೂ ಇದ್ದಾನೆ, ಮೊಮ್ಮಗನೂ ಇದ್ದಾನೆ. ‘ಗೌಡರ ಮನೆಯವರು ಬರ್ತಾರೆ’ ಅಂದರೆ ಯಾರು ಬರ್ತಾರೆ ಅಂತ ಗೊತ್ತಾಗುತ್ತದೆಯೇ? ಗುಟ್ಟು ಇರುವುದು ಎರಡನೇ ಸಾಲಿನಲ್ಲಿ. ಎಚ್61 ಬೋರ್ಡಿಗೆ ಕೂರುವುದು ಇಂಟೆಲ್‌ನ ಎರಡನೇ ಮತ್ತು ಮೂರನೇ ತಲೆಮಾರಿನ ಪ್ರೊಸೆಸರುಗಳು ಮಾತ್ರ. ಅಂದರೆ 2011, 2012ರ ಮಾಲು. ಯಾವುದೋ ಆಫೀಸಿನ ಹಳೇ ಯಂತ್ರದಿಂದ ಕಿತ್ತ ಐ5-3470ನಂಥ ಚಿಪ್ಪನ್ನು ಹೊಸದಾಗಿ ತಯಾರಾದ ಹಳೇ ನಮೂನೆಯ ಬೋರ್ಡಿಗೆ ಕೂರಿಸಿ, ಬಣ್ಣದ ಲೈಟಿನ ಫ್ಯಾನ್ ಇರುವ ಡಬ್ಬಿಯಲ್ಲಿಟ್ಟರೆ ‘ನ್ಯೂ ಐ5’ ತಯಾರು. ಚೀಟಿಯಲ್ಲಿ ‘ನ್ಯೂ’ ಅಂತ ಬರೆದದ್ದು ಬೋರ್ಡಿಗೆ ಮಾತ್ರ. ಸುಳ್ಳು ಅಂತಲೂ ಹೇಳುವಂತಿಲ್ಲ ನೋಡಿ!

ಇನ್ನೊಂದು ತಮಾಷೆ ಕೇಳಿ. 2022ರಲ್ಲಿ ಬಂದ ಬೋರ್ಡುಗಳಲ್ಲಿ ಎಚ್610 ಅಂತ ಒಂದಿದೆ. ಒಂದು ಸೊನ್ನೆ ಹೆಚ್ಚು, ಅಷ್ಟೆ. ಆ ಒಂದು ಸೊನ್ನೆಯಲ್ಲಿ ಹನ್ನೊಂದು ವರ್ಷ ಅಡಗಿದೆ. ಅದಕ್ಕೆ ಕೂರುವ ಐ3-12100ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. ಆ ಹಳೇ ಐ5ರಲ್ಲಿ ನಾಲ್ಕು ಕೋರ್, ನಾಲ್ಕೇ ಥ್ರೆಡ್. ಒಂದೊಂದು ಕೋರಿನ ವೇಗವೂ ಹೊಸದರ ಹತ್ತಿರ ಸುಳಿಯುವುದಿಲ್ಲ. ಆದರೆ ಮೂರಕ್ಕಿಂತ ಐದು ದೊಡ್ಡದು ಅಂತ ನಮಗೆ ಒಂದನೇ ಕ್ಲಾಸಿನಲ್ಲೇ ಕಲಿಸಿಬಿಟ್ಟಿದ್ದಾರಲ್ಲ. ಇಡೀ ವ್ಯಾಪಾರ ನಿಂತಿರುವುದು ಅದರ ಮೇಲೆ.

ಭದ್ರಾವತಿಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ಅಲ್ಲಿ ಲೇತ್ ಮೆಷಿನ್ ಮುಂದೆ ನಿಂತ ಯಾರ ಹತ್ತಿರವಾದರೂ ‘ಒಂದು ಸ್ಟೀಲ್ ರಾಡ್ ಕೊಡಿ’ ಅನ್ನಿ, ‘ಯಾವ ಗ್ರೇಡು?’ ಅಂತಾರೆ. ಇಎನ್8ಕ್ಕೂ ಇಎನ್24ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಕೆಲಸಕ್ಕೆ ಹಾಕಿದಾಗ ಗೊತ್ತಾಗುತ್ತದೆ. ಗ್ರೇಡ್ ಕೇಳದೆ ರಾಡ್ ಕೊಳ್ಳದ ಊರಿನವರು ತಲೆಮಾರು ಕೇಳದೆ ಪ್ರೊಸೆಸರ್ ಯಾಕೆ ಕೊಳ್ಳಬೇಕು?

"ಟ್ಯಾಲಿ, ವರ್ಡು, ಯೂಟ್ಯೂಬಿಗೆ ಇಷ್ಟು ಸಾಕು ಸಾರ್" ಅನ್ನುವುದು ಅಂಗಡಿಯವರ ಸಮರ್ಥನೆ. ಇವತ್ತಿಗೆ ಸಾಕಾಗಬಹುದು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಾದರೂ ಬೇಕು ಅಂತ ಮೈಕ್ರೋಸಾಫ್ಟ್ ಹೇಳಿದೆ. ಮೂರನೇ ತಲೆಮಾರಿನ ಯಂತ್ರಕ್ಕೆ ಆ ತಪಾಸಣೆ ತಪ್ಪಿಸಿ, ಕದ್ದ ಪ್ರತಿಯನ್ನು ತುಂಬಿ ‘ಫ್ರೀ’ ಅಂತ ಕೊಡುತ್ತಾರೆ. ಮಗಳು ಅದೇ ಯಂತ್ರದಲ್ಲಿ ಅಪ್ಪನ ಬ್ಯಾಂಕ್ ಖಾತೆ ತೆರೆಯುತ್ತಾಳೆ. ನಾಳೆ ಬೋರ್ಡ್ ಹೋದರೆ ಡಿಡಿಆರ್3 ರ‍್ಯಾಮ್ ಹೊಸ ಬೋರ್ಡಿಗೆ ಕೂರಲ್ಲ, ಪ್ರೊಸೆಸರ್ ಕೂರಲ್ಲ. ಮತ್ತೆ ಇನ್ನೊಂದು ಎಚ್61 ಹುಡುಕಬೇಕು. ಬಿಡಿಭಾಗ ಜೋಡಿಸಿದ ಕಂಪ್ಯೂಟರಿನ ದೊಡ್ಡ ಲಾಭವೇ ಒಂದೊಂದಾಗಿ ಬದಲಿಸಿಕೊಳ್ಳಬಹುದು ಅನ್ನುವುದು. ಇಲ್ಲಿ ಅದೇ ಇಲ್ಲ.

ಎಸ್‌ಎಂಪಿಎಸ್ ವಿಷಯಕ್ಕೆ ಬರೋಣ. ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ ಆ ಪೆಟ್ಟಿಗೆಯೇ ಉಳಿದ ಎಲ್ಲಕ್ಕೂ ಕರೆಂಟ್ ಹಂಚುವುದು. ಮಲೆನಾಡಿನ ಮಳೆಗಾಲದಲ್ಲಿ ಒಂದೇ ಸಂಜೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ನಮಗೆ ಇದೇ ಮುಖ್ಯ ಭಾಗ ಆಗಬೇಕಿತ್ತು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆ ಕಂಪ್ಯೂಟರಿಗೆ 700, 800 ವ್ಯಾಟ್ ಬೇಕಾಗಿಲ್ಲ. 80 ಪ್ಲಸ್ ಗುರುತಿರುವ, ಹೆಸರಿರುವ ಕಂಪನಿಯ 450 ವ್ಯಾಟ್ ಧಾರಾಳ ಆಯ್ತು. ಬಣ್ಣದ ಫ್ಯಾನಿಗೆ ಕೊಡುವ ದುಡ್ಡನ್ನು ಅದಕ್ಕೂ ಒಂದು ಸಣ್ಣ ಯುಪಿಎಸ್‌ಗೂ ಹಾಕಿ.

ಹಳೇ ಯಂತ್ರದ ಮೇಲೆ ನನಗೆ ದ್ವೇಷ ಇಲ್ಲ. 2025ರ ಕೊನೆಯಿಂದ, ಎಐ ಕೇಂದ್ರಗಳಿಗೆ ಮೆಮೊರಿ ಚಿಪ್ಪು ಹರಿದುಹೋಗಿ, ರ‍್ಯಾಮ್ ಬೆಲೆ ವಿಪರೀತ ಏರಿದೆ. ಹೊಸದು ಕೈಗೆಟುಕುವುದಿಲ್ಲ ಅನ್ನುವವರ ಕಷ್ಟ ನಿಜವಾದದ್ದೇ. ಅಂಥವರು ಐ5-8500ನಂಥ ಎಂಟನೇ ತಲೆಮಾರಿನ ಆಫೀಸ್ ಯಂತ್ರವನ್ನು ಹಳೆಯದು ಅಂತಲೇ ತಿಳಿದು, ಹಳೆಯದರ ಬೆಲೆಗೇ, ಬಿಲ್ ಸಮೇತ ಕೊಳ್ಳಲಿ. ಹೊಸದೇ ಬೇಕೆಂದರೆ 8 ಜಿಬಿಯ ಒಂದೇ ಪಟ್ಟಿ ಹಾಕಿಸಿ ಇನ್ನೊಂದು ಸ್ಲಾಟ್ ಖಾಲಿ ಬಿಡಲಿ, ಬೆಲೆ ಇಳಿದಾಗ ತುಂಬಿಸಿದರಾಯ್ತು. ಬರೀ ಬರೆಯುವುದು, ಓದುವುದು ಇದ್ದವರಿಗೆ ಹಳೇ ಯಂತ್ರದಲ್ಲಿ ಲಿನಕ್ಸ್ ಕೂಡ ಸೊಗಸಾಗಿ ಓಡುತ್ತದೆ, ಕನ್ನಡವೂ ಚೆನ್ನಾಗಿ ಮೂಡುತ್ತದೆ. ನನ್ನ ತಕರಾರು ಹಳೆಯದನ್ನು ಮಾರುವುದಕ್ಕಲ್ಲ, ಹಳೆಯದಕ್ಕೆ ಹೊಸದರ ಹೆಸರಿಟ್ಟು ಮಾರುವುದಕ್ಕೆ.

"ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಲ್ಲಿ ತಗೊಳ್ಳಿ, ಇಲ್ಲಾಂದ್ರೆ ಆನ್‌ಲೈನಲ್ಲಿ ತರಿಸಿ" ಅನ್ನುವ ಗೆಳೆಯರೂ ಇದ್ದಾರೆ. ನಿಮಗೇನೋ ಸರಿ. ಎಸ್‌ಎಂಪಿಎಸ್ ಸುಟ್ಟಾಗ ಅದನ್ನು ಹಿಡಿದುಕೊಂಡು ಇನ್ನೂರೈವತ್ತು ಕಿಲೋಮೀಟರ್ ಹೋಗಲಿಕ್ಕೆ ಆ ಅಪ್ಪನಿಗೆ ಆಗುತ್ತದೆಯೇ? ಅವರಿಗೆ ಶಿವಮೊಗ್ಗದ ಅಂಗಡಿಯೇ ಬೇಕು, ಭದ್ರಾವತಿಯ ರಿಪೇರಿ ಹುಡುಗನೇ ಬೇಕು. ಅಂಗಡಿಯನ್ನು ಬಿಡುವುದಲ್ಲ, ಅಂಗಡಿಯಲ್ಲಿ ಬಾಯಿ ಬಿಟ್ಟು ಕೇಳುವುದು ದಾರಿ. ಪ್ರೊಸೆಸರಿನ ಪೂರ್ತಿ ನಂಬರು ಬರೆಯಿರಿ. ಸೀಲ್ ಇರುವ ಡಬ್ಬಿಯಲ್ಲಿ ಬರುತ್ತೋ, ಬಿಡಿಯಾಗಿ ಬರುತ್ತೋ? ರ‍್ಯಾಮ್ ಡಿಡಿಆರ್ ಎಷ್ಟು? ಎಸ್‌ಎಂಪಿಎಸ್ ಯಾವ ಕಂಪನಿ, ಯಾವ ಮಾಡೆಲ್? ವಾರಂಟಿ ಅಂಗಡಿಯದೋ, ಕಂಪನಿಯದೋ? ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಹಾಕ್ತೀರಾ? ಇಷ್ಟಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡುವ ಅಂಗಡಿಗಳು ಎರಡೂ ಊರಲ್ಲಿ ಇವೆ, ನಾನೇ ಬರೆಸಿಕೊಂಡಿದ್ದೇನೆ. ಅವರ ಬೆಲೆ ಒಂದೆರಡು ಸಾವಿರ ಹೆಚ್ಚಿರುತ್ತದೆ. ಸಲೀಸಾಗಿ ಕೊಡಿ.

ಈಗ ನಮ್ಮ ಪಾಲಿಗೆ ಬರೋಣ, ಬ್ಲಾಗಿಗ ಮಿತ್ರರೇ. ವಿಂಡೋಸ್ 98ರಲ್ಲಿ ಯೂನಿಕೋಡ್ ಕನ್ನಡ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲದಲ್ಲಿ, ಎಕ್ಸ್‌ಪಿಯ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಎಲ್ಲಿ ಟಿಕ್ ಹಾಕಬೇಕು ಅಂತ ಕನ್ನಡದಲ್ಲೇ ಒಬ್ಬರಿಗೊಬ್ಬರು ಹೇಳಿಕೊಟ್ಟವರು ನಾವು. ಅದಕ್ಕೆ ಯಾರೂ ನಮಗೆ ಸಂಬಳ ಕೊಡಲಿಲ್ಲ. ಈಗ ಕಂಪ್ಯೂಟರ್ ಬಗ್ಗೆ ಬರೆದರೆ ನಾವೂ ‘ಐ5, 8 ಜಿಬಿ ಇದ್ದರೆ ಸಾಕು’ ಅಂತ ಒಂದು ಸಾಲು ಗೀಚಿ ಮುಗಿಸುತ್ತೇವೆ. ಆ ಸಾಲನ್ನೇ ಕತ್ತರಿಸಿ ಅಂಗಡಿಯವನು ಚೀಟಿಯ ಮೇಲೆ ಅಂಟಿಸುತ್ತಾನೆ! ಪೂರ್ತಿ ಹೆಸರು ಬರೆಯದ ಸಲಹೆ ಸಲಹೆಯೇ ಅಲ್ಲ. ನಿಮ್ಮ ನಿಮ್ಮ ಊರಿನ ಕೊಟೇಷನ್ ಚೀಟಿಗಳನ್ನು (ಅಂಗಡಿ ಹೆಸರು ಅಳಿಸಿ) ಹಾಕಿ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಯಾರದೋ ಮಗಳ ಮೊದಲ ಕಂಪ್ಯೂಟರ್ ಹದಿನಾಲ್ಕು ವರ್ಷ ಹಳೆಯದಾಗುವುದು ಅದರಿಂದ ತಪ್ಪಬಹುದು.

ಏನಂತೀರಿ?

ಕೊನೆ ಕೊಸರು: ಹೊಸ ಪ್ರೊಸೆಸರ್ ಕೊಳ್ಳುವವರೂ ಹೆಸರಿನ ಬಾಲ ನೋಡಿ. ಇಂಟೆಲ್ ನಂಬರಿನ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್ ಕಪ್ಪಗೆ ಕೂತಿರುತ್ತದೆ, ಅಷ್ಟೆ.