ನಾಯಿ ಹಿಂಗಾಲು ಎಳೆದರೆ ‘ವಯಸ್ಸಾಯಿತು’ ಎನ್ನಬೇಡಿ

ಹೊಣಕೆರೆ ಕಡೆಯ ಹಳ್ಳಿಗಳಲ್ಲಿ ಕುರಿಹಟ್ಟಿಗೂ ತೆಂಗಿನ ತೋಟಕ್ಕೂ ನಾಯಿಯೇ ಕಾವಲು. ಅದು ಏಳೆಂಟು ವರ್ಷ ದಾಟಿ ಹಿಂಗಾಲು ಎಳೆಯತೊಡಗಿದರೆ ‘ವಯಸ್ಸಾಯಿತು, ಬಿಡಿ’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಮುಪ್ಪು ರೋಗವಲ್ಲ. ಕಾಲು ಸೋಲಲು ಬೇರೆ ಕಾರಣ ಇದ್ದೇ ಇರುತ್ತದೆ. ಅಂಥ ಕಾರಣಗಳಲ್ಲಿ ಬೆನ್ನುಹುರಿಯ ಗಡ್ಡೆಯೂ ಒಂದು.

ಬೆನ್ನುಹುರಿ ಹಾದುಹೋಗುವುದು ಬೆನ್ನೆಲುಬಿನ ಕೊಳವೆಯೊಳಗೆ. ಮೂಳೆಯ ಈ ಕೊಳವೆ ಹಿಗ್ಗುವುದಿಲ್ಲ. ಹೀಗಾಗಿ ಒಳಗೆ ಸಣ್ಣ ಗಡ್ಡೆ ಬೆಳೆದರೂ ಹುರಿ ಅದುಮಿಹೋಗುತ್ತದೆ. ಗಡ್ಡೆ ಹುರಿಯ ಹೊದಿಕೆಯ ಹೊರಗೆ, ಹೊದಿಕೆಗೂ ಹುರಿಗೂ ನಡುವೆ ಅಥವಾ ಹುರಿಯ ಒಳಗೇ ಹುಟ್ಟಬಹುದು. ಹೊರಗಿನವೇ ಹೆಚ್ಚು, ಅವುಗಳಲ್ಲಿ ಮೂಳೆಯ ಕ್ಯಾನ್ಸರ್ ಮುಖ್ಯವಾದುದು. ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಯ ಎಳೆಯ ನಾಯಿಗಳಲ್ಲೂ ಒಂದು ಬಗೆಯ ಗಡ್ಡೆ ಕಾಣಿಸುವುದುಂಟು.

ಲಕ್ಷಣಗಳೇನು? ಹೆಚ್ಚಾಗಿ ಮೊದಲು ಬೆನ್ನುನೋವು. ನಾಯಿ ಜಗುಲಿ ಹತ್ತಲು ಹಿಂಜರಿಯುತ್ತದೆ, ಬೆನ್ನು ಮುಟ್ಟಿದರೆ ಗುರುಗುಟ್ಟುತ್ತದೆ. ಮುಂದೆ ನಡೆ ತೂರಾಡುತ್ತದೆ, ನೆಲಕ್ಕೆ ಉಜ್ಜಿ ಉಗುರು ಸವೆಯುತ್ತದೆ. ಕೊನೆಗೆ ಮೂತ್ರದ ಹಿಡಿತವೂ ತಪ್ಪುತ್ತದೆ.

ಒಂದು ಎಚ್ಚರಿಕೆ. ರೇಬೀಸ್‌ನಲ್ಲೂ ನಾಯಿಯ ಕಾಲು ಸೋಲಬಹುದು. ರೇಬೀಸ್ ಲಸಿಕೆ ಹಾಕಿಸದ ನಾಯಿ ದಿಢೀರನೆ ಸೋತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ತಪಾಸಣೆಯ ಮೊದಲ ಹಂತಕ್ಕೆ ಯಂತ್ರ ಬೇಕಿಲ್ಲ. ನಿಂತಿರುವ ನಾಯಿಯ ಹಿಂಪಾದವನ್ನು ವೈದ್ಯರು ಮಡಿಚಿ, ಪಾದದ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡುತ್ತಾರೆ. ನರ ಸರಿಯಿದ್ದರೆ ನಾಯಿ ಕೂಡಲೇ ಪಾದ ತಿರುಗಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಹಾಗೆಯೇ ನಿಲ್ಲುತ್ತದೆ. ಎಕ್ಸ್‌ರೇ ಸವೆದ ಮೂಳೆಯನ್ನು ತೋರಿಸೀತು. ಹುರಿಯ ಗಡ್ಡೆ ಕಾಣಲು ಎಂಆರ್‌ಐ ಬೇಕು. ನಾಗಮಂಗಲದ ಪಶು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಾದರೆ ಹಾಸನ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಸಲಹೆ ಪಡೆಯಿರಿ.

ನಾಯಿಗೆ ಇಷ್ಟೆಲ್ಲ ಖರ್ಚೇ ಎಂದು ನೀವು ಕೇಳಬಹುದು. ರೈತನ ಮನೆಯಲ್ಲಿ ಈ ಪ್ರಶ್ನೆ ಸಹಜ. ಆದರೆ ಗಡ್ಡೆಯಂತೆಯೇ ಕಾಣುವ ಬೇರೆ ತೊಂದರೆಗಳೂ ಇವೆ. ಬೆನ್ನೆಲುಬಿನ ಡಿಸ್ಕ್ ಜಾರಿದ್ದರೆ ಸಕಾಲದ ಚಿಕಿತ್ಸೆಯಿಂದ ಎಷ್ಟೋ ನಾಯಿಗಳು ಮತ್ತೆ ಓಡಾಡುತ್ತವೆ. ಪರೀಕ್ಷಿಸದೆ ಕೈಬಿಟ್ಟರೆ ಗುಣವಾಗಬಹುದಾದ ನಾಯಿಯನ್ನೂ ಕಳೆದುಕೊಂಡಂತೆ. ಇನ್ನು ಗಡ್ಡೆಯೇ ಆಗಿದ್ದರೂ ಹೊದಿಕೆಯಲ್ಲಿ ಹುಟ್ಟಿದ ಕೆಲವನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಸ್ಟೆರಾಯ್ಡ್ ಔಷಧಿ ಬಾವು ಇಳಿಸಿ ಸ್ವಲ್ಪ ಕಾಲ ನೆಮ್ಮದಿ ಕೊಡುತ್ತದೆ, ಗುಣಪಡಿಸುವುದಿಲ್ಲ. ಮೂಳೆಯ ಕ್ಯಾನ್ಸರ್ ಆಗಿದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. ಆಗ ನೋವಿಲ್ಲದ ಸಾವು ಕೊಡಿಸುವುದೂ ದಯೆಯೇ. ಆದರೆ ಆ ತೀರ್ಮಾನ ರೋಗ ತಿಳಿದ ಮೇಲಿನದಾಗಿರಲಿ.

ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಮಾತ್ರ ನೀವಾಗಿಯೇ ಕೊಡಬೇಡಿ. ಅವು ನಾಯಿಗೆ ವಿಷವಾಗಬಲ್ಲವು. ಕಾಲು ಎಳೆಯುವುದು ಕಂಡ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಪೂರ್ತಿ ಮಲಗಿದ ಮೇಲೆ ಒಯ್ದರೆ ಅವರಿಗೂ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.